ಕೊಳ್ಳದೆ ಓದುವವನ ಋಣ

ನಗರವಾಸಿಯಾದ ಗೃಹಸ್ಥನು ಮನೆಯಿಂದ ಹೊರಟು, ಕೈಯ ಕಾಸು ಬಿಚ್ಚದೆ ಒಂದು ಗಳಿಗೆ ನೆಮ್ಮದಿಯಿಂದ ಕಳೆಯಬಹುದಾದ ಸ್ಥಳಗಳು ಎಷ್ಟಿವೆ ಎಂದು ಎಣಿಸಹೊರಟರೆ ಒಂದು ಕೈಯ ಬೆರಳುಗಳೇ ಹೆಚ್ಚಾದಾವು. ಬಸದಿಯೋ ದೇವಾಲಯವೋ ಒಂದು, ಉದ್ಯಾನವನ ಒಂದು, ಸಾರ್ವಜನಿಕ ಗ್ರಂಥಾಲಯ ಒಂದು. ಇವುಗಳ ಜೊತೆಗೆ ಯಾವ ಶಾಸನವೂ ವಿಧಿಸದೆ, ಯಾವ ದಾನಿಯ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿಸಿಕೊಳ್ಳದೆ ಜನರಿಗೆ ನೆರಳಾಗಿ ನಿಂತಿರುವ ಇನ್ನೊಂದು ತಾಣವಿದೆ. ಅದು ಪುಸ್ತಕದ ಅಂಗಡಿ.

ವ್ಯಾಪಾರದ ಮಳಿಗೆಯನ್ನು ನೆರಳೆಂದು ಕರೆಯುವುದು ಅತಿಶಯೋಕ್ತಿಯೆಂದು ತೋರಬಹುದು. ಆದರೆ ಇತರ ಅಂಗಡಿಗಳೊಡನೆ ಹೋಲಿಸಿ ನೋಡಿದರೆ ಇದರ ವೈಲಕ್ಷಣ್ಯ ಸ್ಪಷ್ಟವಾಗುತ್ತದೆ. ಜವಳಿ ಅಂಗಡಿಯಲ್ಲಿ ಎರಡು ತಾಸು ಸೀರೆಗಳನ್ನು ಬಿಚ್ಚಿಸಿ ನೋಡಿ ಬರಿಗೈಯಲ್ಲಿ ಎದ್ದು ಬಂದರೆ, ಮುಂದಿನ ಸಲ ಅಲ್ಲಿನ ಗುಮಾಸ್ತನ ಮುಖವೇ ಬೇರೆಯಾಗಿರುತ್ತದೆ. ಹಣ್ಣಿನ ವ್ಯಾಪಾರಿಯು ಮಾವಿನಹಣ್ಣನ್ನು ಅರ್ಧ ತಿಂದು ಉಳಿದರ್ಧವನ್ನು ಬುಟ್ಟಿಗೆ ಹಾಕಲು ಯಾರಿಗೂ ಬಿಡಲಾರ. ಪುಸ್ತಕದ ವ್ಯಾಪಾರಿ ಮಾತ್ರ ಬಿಡುತ್ತಾನೆ. ಗಿರಾಕಿ ನಿಂತಲ್ಲಿಯೇ ನಲವತ್ತು ಪುಟ ಓದಿ, ಪುಸ್ತಕವನ್ನು ಇದ್ದಲ್ಲಿಯೇ ಇಟ್ಟು, ನಗುತ್ತಾ ಹೊರಟುಹೋಗುತ್ತಾನೆ. ಮಾಲೀಕನೂ ತಲೆಯೆತ್ತಿ ನೋಡಿ ಮತ್ತೆ ಲೆಕ್ಕದ ಪುಸ್ತಕಕ್ಕೆ ಬಗ್ಗುತ್ತಾನೆ. ಓದಿದ ಮಾತ್ರಕ್ಕೆ ಈ ಸರಕು ಕರಗುವುದಿಲ್ಲವೆಂಬುದು ಇದಕ್ಕೆ ಕಾರಣವೆಂದು ಹೇಳುವುದುಂಟು. ಆ ಮಾತು ಪೂರ್ತಿ ಸತ್ಯವಲ್ಲ. ಹತ್ತು ಕೈಗಳನ್ನು ಹಾಯ್ದು ಬಂದ ಪ್ರತಿಯ ಅಂಚು ಮಾಸುತ್ತದೆ, ಬೆನ್ನು ಮುರಿಯುತ್ತದೆ. ನಿಜವಾಗಿ ಕೊಳ್ಳಬಂದವನು ಅದನ್ನು ಪಕ್ಕಕ್ಕೆ ಸರಿಸಿ ‘ಒಳಗೆ ಹೊಸ ಪ್ರತಿ ಇದೆಯೇ?’ ಎಂದು ಕೇಳುತ್ತಾನೆ. ಹಾಗಾದರೆ ಆ ಮಾಸಿದ ಪ್ರತಿಯ ನಷ್ಟ ಯಾರ ಪಾಲಿಗೆ? ಓದಿ ಹೋದವನು ಏನನ್ನಾದರೂ ಒಯ್ದನೇ, ಅಥವಾ ಕೊಟ್ಟದ್ದನ್ನು ಮಾತ್ರ ಸ್ವೀಕರಿಸಿದನೇ? ಅಣುವ್ರತಗಳ ಹಾದಿಯಲ್ಲಿ ನಡೆಯಲು ಯತ್ನಿಸುವ ಕುಟುಂಬಗಳಲ್ಲಿ ಈ ಪ್ರಶ್ನೆ ಸಣ್ಣದೆಂದು ತಳ್ಳಿಹಾಕುವಂಥದಲ್ಲ.

ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪರಿಸರ ಈ ವಿಚಾರಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ 1971ರಲ್ಲಿ ಆರಂಭವಾಗಿ 2009ರಲ್ಲಿ ಮುಚ್ಚಿದ ಪ್ರೀಮಿಯರ್ ಬುಕ್ ಶಾಪ್ ಒಂದು ಸಣ್ಣ ಕೋಣೆಗಿಂತ ಹೆಚ್ಚೇನೂ ಇರಲಿಲ್ಲ. ನೆಲದಿಂದ ಮೇಲೆದ್ದ ಪುಸ್ತಕದ ರಾಶಿಗಳು, ಅವುಗಳ ನಡುವೆ ಒಬ್ಬರು ಹಾಯ್ದುಹೋಗುವಷ್ಟೇ ದಾರಿ. ಕೇಳಿದ ಪುಸ್ತಕವನ್ನು ಯಾವ ರಾಶಿಯ ಯಾವ ಪದರದಿಂದ ಎಳೆಯಬೇಕೆಂಬುದು ಮಾಲೀಕರಾದ ಟಿ. ಎಸ್. ಶಾನಭಾಗರಿಗೆ ಮಾತ್ರ ಗೊತ್ತು. ಕುಳಿತುಕೊಳ್ಳಲು ಕುರ್ಚಿಯಿಲ್ಲದ ಆ ಜಾಗದಲ್ಲಿ ಮೂರು ತಲೆಮಾರಿನ ಓದುಗರು ಗಂಟೆಗಟ್ಟಲೆ ನಿಂತರು. ಬಂದವರು ಕೊಳ್ಳಲೇಬೇಕೆಂಬ ಒತ್ತಾಯವನ್ನು ಅವರು ಯಾರ ಮೇಲೂ ಹೇರಲಿಲ್ಲವೆಂದು ಆ ಕಾಲದ ಓದುಗರು ಇಂದಿಗೂ ನೆನೆಯುತ್ತಾರೆ. ಶಾನಭಾಗರು 2021ರಲ್ಲಿ ತೀರಿಕೊಂಡಾಗ ಅಂಗಡಿ ಮುಚ್ಚಿ ಹನ್ನೆರಡು ವರ್ಷಗಳಾಗಿದ್ದವು. ಆದರೂ ಪತ್ರಿಕೆಗಳಲ್ಲಿ ಬಂದ ಶ್ರದ್ಧಾಂಜಲಿಗಳು ಒಬ್ಬ ವರ್ತಕನಿಗಿಂತ ಒಬ್ಬ ಉಪಾಧ್ಯಾಯರಿಗೆ ಸಲ್ಲುವಂತಿದ್ದವು. ಅದೇ ಬೀದಿಯ ಬ್ಲಾಸಮ್ ಬುಕ್ ಹೌಸನ್ನು ಕಟ್ಟಿದ ಮಾಯಿಗೌಡರು ಮೊದಲು ಮಹಾತ್ಮಾ ಗಾಂಧಿ ರಸ್ತೆಯ ಕಾಲುದಾರಿಯಲ್ಲಿ ಪುಸ್ತಕ ಹರಡಿ ಮಾರುತ್ತಿದ್ದವರು. ಅಲ್ಲಿನ ಮಹಡಿಗಳಲ್ಲಿ ಭಾನುವಾರ ನಿಂತು ನೋಡಿದರೆ ಗಿರಾಕಿಗಳೆಂಬ ಒಂದೇ ಹೆಸರಿನ ಕೆಳಗೆ ಎಷ್ಟು ಬಗೆಯ ಜನ ಸೇರುತ್ತಾರೆಂಬುದು ತಿಳಿಯುತ್ತದೆ: ಮಳೆ ನಿಲ್ಲಲೆಂದು ಒಳಗೆ ಬಂದವರು, ಗೆಳೆಯರಿಗಾಗಿ ಕಾಯುವವರು, ಮಗುವನ್ನು ನೆಲದ ಮೇಲೆ ಕೂರಿಸಿ ಚಿತ್ರದ ಪುಸ್ತಕ ತೋರಿಸುವ ತಾಯಂದಿರು, ಹಳೆಯ ಪುಸ್ತಕದ ಮೊದಲ ಪುಟದಲ್ಲಿ ಯಾರೋ ಬರೆದ ಹೆಸರನ್ನು ಓದುತ್ತ ನಿಂತ ನಿವೃತ್ತರು. ಇವರೆಲ್ಲರ ನಡುವೆ ಕೊಳ್ಳುವವನೂ ಒಬ್ಬ ಇರುತ್ತಾನೆ. ಅವನ ಹಣದಿಂದಲೇ ಉಳಿದವರೆಲ್ಲರ ತಲೆಯ ಮೇಲಿನ ದೀಪ ಉರಿಯುತ್ತಿರುತ್ತದೆ.

ಈ ಔದಾರ್ಯದ ಮೂಲ ಎಲ್ಲಿದೆಯೆಂದು ಹುಡುಕಿದರೆ ಮುಂಬಯಿಗೆ ಹೋಗಬೇಕಾಗುತ್ತದೆ. ಪ್ರೀಮಿಯರ್‌ನ ಶಾನಭಾಗರ ಬಂಧುಗಳಾದ ಟಿ. ಎನ್. ಶಾನಭಾಗರು 1948ರಲ್ಲಿ ಅಲ್ಲಿನ ಸ್ಟ್ರ್ಯಾಂಡ್ ಚಿತ್ರಮಂದಿರದ ಒಳಗೆ ಒಂದು ಪುಟ್ಟ ಕಟ್ಟೆಯಲ್ಲಿ ಪುಸ್ತಕದ ವ್ಯಾಪಾರ ಆರಂಭಿಸಿದರು. ತರುಣರಾಗಿದ್ದಾಗ ಒಂದು ಪುಸ್ತಕದಂಗಡಿಯಲ್ಲಿ ಪುಟ ತಿರುವಿ ನೋಡುತ್ತಿದ್ದುದಕ್ಕೆ ಅವಮಾನ ಅನುಭವಿಸಬೇಕಾಯಿತೆಂದೂ, ಯಾರು ಬೇಕಾದರೂ ಪುಸ್ತಕ ಮುಟ್ಟಿ ನೋಡಬಹುದಾದ ಅಂಗಡಿಯೊಂದನ್ನು ತೆರೆಯುವ ಸಂಕಲ್ಪ ಅಂದೇ ಮೂಡಿತೆಂದೂ ಅವರ ವಿಷಯದಲ್ಲಿ ಹೇಳುವ ಮಾತು ಪ್ರಸಿದ್ಧವಾಗಿದೆ. ಅವಮಾನಕ್ಕೆ ಪ್ರತಿಯಾಗಿ ದ್ವೇಷವನ್ನು ಬೆಳೆಸುವ ಬದಲು ಬಾಗಿಲನ್ನು ಅಗಲಿಸುವುದು ಸಾಮಾನ್ಯ ಮನಸ್ಸಿನ ಕೆಲಸವಲ್ಲ. 2003ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಆ ಅಂಗಡಿಯೂ 2018ರಲ್ಲಿ ಮುಚ್ಚಿತು.

ಇನ್ನು ಗ್ರಂಥಾಲಯದ ಕಡೆಗೆ ತಿರುಗಬೇಕು. ಚರ್ಚ್ ಸ್ಟ್ರೀಟಿನಿಂದ ನಡೆದೇ ಹೋಗಬಹುದಾದಷ್ಟು ಸಮೀಪದಲ್ಲಿ, ಕಬ್ಬನ್ ಉದ್ಯಾನದ ಹಸಿರಿನ ನಡುವೆ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಅದರ ಬಾಗಿಲು ಯಾರ ಔದಾರ್ಯದಿಂದಲೂ ತೆರೆದಿರುವುದಲ್ಲ, ಶಾಸನದಿಂದ ತೆರೆದಿರುವುದು. ಆಗಿನ ಮೈಸೂರು ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮ ಜಾರಿಗೆ ಬಂದಂದಿನಿಂದ ಗ್ರಂಥಾಲಯವು ಪ್ರಜೆಯ ಹಕ್ಕಾಯಿತು. ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ಕೂಡಿಸಿ ಪಡೆಯುವ ಪದ್ಧತಿ ಬಂದಿತು. ಇಂದು ಆ ಕರ ಶೇಕಡಾ 6. ಸ್ವಂತ ಮನೆಯೋ ಮಳಿಗೆಯೋ ಇರುವ ಪ್ರತಿ ಕುಟುಂಬವೂ ವರ್ಷಕ್ಕೊಮ್ಮೆ ಈ ಹಣ ಕಟ್ಟುತ್ತದೆ. ರಸೀದಿಯಲ್ಲಿ ಆ ಸಾಲು ಇರುವುದನ್ನು ಗಮನಿಸಿದವರೇ ವಿರಳ. ಗಮನಿಸಿ ಬಡಾವಣೆಯ ಶಾಖಾ ಗ್ರಂಥಾಲಯದ ಮೆಟ್ಟಿಲೇರಿದವರು ಇನ್ನೂ ವಿರಳ.

ಭಾರತದ ಗ್ರಂಥಾಲಯ ಚಳವಳಿಯ ಪಿತಾಮಹರಾದ ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿಯೇ; 1962ರಲ್ಲಿ ಇಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಗಾಗಿ ಕೇಂದ್ರವೊಂದನ್ನು ಸ್ಥಾಪಿಸಿದರು, 1972ರಲ್ಲಿ ಇಲ್ಲಿಯೇ ನಿಧನರಾದರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದರ ಆಶಯ, ಪುಸ್ತಕವಿರುವುದು ಉಪಯೋಗಕ್ಕೆಂಬುದು. ಕೇಳಲು ಇಷ್ಟು ಸರಳವಾದ ಮಾತನ್ನು ಸೂತ್ರವಾಗಿ ಸಾರಬೇಕಾಗಿ ಬಂದದ್ದೇಕೆಂದರೆ, ಅದುವರೆಗೆ ಪುಸ್ತಕವಿರುವುದು ರಕ್ಷಣೆಗೆ ಎಂದೇ ಗ್ರಂಥಪಾಲಕರು ತಿಳಿದಿದ್ದರು. ಕಪಾಟಿಗೆ ಬೀಗವಿರಬಾರದು, ಓದುಗನೇ ನೇರವಾಗಿ ಹೋಗಿ ಪುಸ್ತಕವನ್ನು ಮುಟ್ಟಿ ಆರಿಸಿಕೊಳ್ಳುವಂತಿರಬೇಕು ಎಂಬುದು ಅವರ ಹಟ. ವಿಚಿತ್ರವೆಂದರೆ ಈ ಹಟವನ್ನು ಅನೇಕ ಗ್ರಂಥಾಲಯಗಳಿಗಿಂತ ಮೊದಲು, ಅವರ ಸೂತ್ರಗಳನ್ನು ಎಂದೂ ಓದದ ಪುಸ್ತಕ ವ್ಯಾಪಾರಿಗಳು ನಡೆಸಿಕೊಟ್ಟರು.

ಈ ಎರಡು ತಾಣಗಳಲ್ಲಿ ಜನ ನಡೆದುಕೊಳ್ಳುವ ಬಗೆಯನ್ನು ಗಮನಿಸಿದರೆ ಒಂದು ತಲೆಕೆಳಗಾದ ಸ್ಥಿತಿ ಕಾಣುತ್ತದೆ. ಗ್ರಂಥಾಲಯದಲ್ಲಿ ಮುಂಜಾನೆಯಿಂದ ತುಂಬಿರುವ ಮೇಜುಗಳ ಮುಂದೆ ಕುಳಿತಿರುವವರಲ್ಲಿ ಹೆಚ್ಚಿನವರು ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುತ್ತಿರುವ ತರುಣ ತರುಣಿಯರು. ಅವರ ಮುಂದಿರುವುದು ಗ್ರಂಥಾಲಯದ ಗ್ರಂಥವಲ್ಲ, ಚೀಲದಲ್ಲಿ ತಂದ ತಮ್ಮದೇ ಪುಸ್ತಕ. ಅವರಿಗೆ ಬೇಕಾದದ್ದು ಒಂದು ಮೇಜು, ಒಂದು ಕುರ್ಚಿ, ಒಂದು ಬೀಸಣಿಗೆ, ಮತ್ತು ಬಾಡಿಗೆ ಕೋಣೆಯಲ್ಲಿ ದೊರೆಯದ ಮೌನ. ಪುಸ್ತಕದಂಗಡಿಯಲ್ಲಿ ನಿಂತವರಿಗಾದರೋ ಮೇಜಿಲ್ಲ, ಕುರ್ಚಿಯಿಲ್ಲ, ಮೌನವೂ ಇಲ್ಲ. ಆದರೆ ಕೈಯಲ್ಲಿ ಪುಸ್ತಕವಿದೆ. ಗ್ರಂಥಾಲಯದಲ್ಲಿ ಜನ ಆಲಯವನ್ನು ಬಳಸಿ ಗ್ರಂಥವನ್ನು ಬಿಟ್ಟಿದ್ದಾರೆ. ಅಂಗಡಿಯಲ್ಲಿ ಗ್ರಂಥವನ್ನು ಬಳಸಿ ಅಂಗಡಿತನವನ್ನು ಮರೆತಿದ್ದಾರೆ.

ಪರೀಕ್ಷಾರ್ಥಿಗಳನ್ನು ಇದಕ್ಕಾಗಿ ದೂರುವುದು ಸಲ್ಲದು. ಊರಿನಿಂದ ಬಂದು ಆರು ಜನ ಹಂಚಿಕೊಂಡ ಕೋಣೆಯಲ್ಲಿ ಮಲಗುವ ಹುಡುಗನಿಗೆ ಗ್ರಂಥಾಲಯದ ಕುರ್ಚಿಯೇ ವಿದ್ಯಾದಾನ. ಆದರೆ ಅವನ ಬೆನ್ನ ಹಿಂದಿನ ಕಪಾಟಿನಲ್ಲಿರುವ ಸಾವಿರಾರು ಪುಸ್ತಕಗಳು ಅವನನ್ನೇಕೆ ಕರೆಯುತ್ತಿಲ್ಲವೆಂದು ಕೇಳಲೇಬೇಕು. ಕಾರಣಗಳು ಗೂಢವೇನಲ್ಲ. ಅನೇಕ ಶಾಖೆಗಳು ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ತೆರೆಯುತ್ತವೆ. ಮನೆಗೆ ಒಯ್ಯಬೇಕಾದರೆ ಅರ್ಜಿ, ಠೇವಣಿ, ಸಹಿಗಳ ಸಾಲು. ಪುಸ್ತಕಗಳನ್ನು ಓದುಗನ ಅಪೇಕ್ಷೆ ನೋಡಿ ತರುವುದಕ್ಕಿಂತ ಸಗಟು ಖರೀದಿಯಲ್ಲಿ ಬಂದುದನ್ನು ಹಂಚಿಕೊಳ್ಳುವುದೇ ಹೆಚ್ಚು. ವಸೂಲಾದ ಗ್ರಂಥಾಲಯ ಕರವನ್ನು ಸ್ಥಳೀಯ ಸಂಸ್ಥೆಗಳು ಸಕಾಲದಲ್ಲಿ ಇಲಾಖೆಗೆ ಒಪ್ಪಿಸದೆ ಉಳಿಸಿಕೊಳ್ಳುತ್ತವೆಂಬ ದೂರು ಹಳೆಯದು. ಇವೆಲ್ಲಕ್ಕಿಂತ ಮಿಗಿಲಾಗಿ, ಅಂಗಡಿಯವನು ಈ ವಾರ ಬಂದ ಪುಸ್ತಕವನ್ನು ಬಾಗಿಲ ಬಳಿಯೇ ಮುಖ ಮೇಲಾಗಿ ಇಡುತ್ತಾನೆ. ಗ್ರಂಥಾಲಯದಲ್ಲಿ ಹೊಸದೂ ಹಳೆಯದೂ ಬೆನ್ನು ತೋರಿಸಿ ನಿಂತಿರುತ್ತವೆ. ಇಷ್ಟು ಸಣ್ಣ ಉಪಚಾರವೂ ಮನುಷ್ಯನನ್ನು ಒಳಗೆ ಕರೆಯುತ್ತದೆ.

ಮಾತಿನ ವಿಷಯವೂ ಉಂಟು. ಗ್ರಂಥಾಲಯದ ಧರ್ಮ ಮೌನ. ಅಂಗಡಿಯ ಧರ್ಮ ಸಂಭಾಷಣೆ. ಧಾರವಾಡದಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಸ್ಥಾಪಿಸಿದ ಮನೋಹರ ಗ್ರಂಥಮಾಲೆಯ ಅಟ್ಟವನ್ನು ಇಲ್ಲಿ ಸ್ಮರಿಸಬಹುದು. ಸುಭಾಷ್ ರಸ್ತೆಯ ಆ ಅಟ್ಟ ಹೆಸರಿಗೆ ಪುಸ್ತಕ ಪ್ರಕಟಿಸಿ ಮಾರುವ ಸ್ಥಳ. ಆದರೆ ಬೇಂದ್ರೆ, ಕುರ್ತಕೋಟಿ, ಕಾರ್ನಾಡರಂಥವರು ಕೂಡುತ್ತಿದ್ದ ಆ ಜಾಗದಲ್ಲಿ ನಡೆದ ಚರ್ಚೆಗಳಿಗೆ ಯಾರೂ ಬಿಲ್ಲು ಬರೆಯಲಿಲ್ಲ. ಕನ್ನಡ ಸಾಹಿತ್ಯದ ಒಂದು ಭಾಗ ಅಲ್ಲಿ ಬೆಳೆಯಿತು. ಇಂಥ ಕೂಟ ಮೌನದ ಕೋಣೆಯಲ್ಲಿ ಸಾಧ್ಯವಿರಲಿಲ್ಲ.

ಹಾಗೆಂದು ಅಂಗಡಿಯೇ ಶ್ರೇಷ್ಠವೆಂಬ ತೀರ್ಮಾನಕ್ಕೆ ಬರುವ ಮುನ್ನ ಬಾಗಿಲಲ್ಲಿ ನಿಂತು ಒಳಗೆ ಬಾರದವರನ್ನು ನೋಡಬೇಕು. ಅಂಗಡಿಯ ಸ್ವಾಗತ ಎಷ್ಟೇ ಉದಾರವಾಗಿದ್ದರೂ ಅದು ಉಡುಪನ್ನು ನೋಡುತ್ತದೆ. ಕಟ್ಟಡದ ಕೆಲಸ ಮುಗಿಸಿ ಸಿಮೆಂಟಿನ ಧೂಳಿನಲ್ಲಿ ಬಂದವನೊಬ್ಬ ಹವಾನಿಯಂತ್ರಿತ ಮಳಿಗೆಯ ಗಾಜಿನ ಬಾಗಿಲನ್ನು ತಳ್ಳುವುದು ಅಪರೂಪ. ತಳ್ಳಿದರೆ ಕಾವಲುಗಾರನ ಕಣ್ಣು ಅವನ ಹಿಂದೆಯೇ ಹೋಗುತ್ತದೆ. ಅವನನ್ನು ಹೊರಗೆ ಹೋಗೆಂದು ಹೇಳುವ ಅಧಿಕಾರ ಮಾಲೀಕನಿಗಿದೆ. ಗ್ರಂಥಾಲಯದವರಿಗೆ ಆ ಅಧಿಕಾರವಿಲ್ಲ. ದಿನಪತ್ರಿಕೆಯ ಮೇಜಿನ ಮುಂದೆ ನಿವೃತ್ತ ಅಧಿಕಾರಿಯೂ, ಬೀದಿಬದಿಯ ಹೂವಿನ ವ್ಯಾಪಾರಿಯೂ ಒಂದೇ ಪತ್ರಿಕೆಯ ಎರಡು ಹಾಳೆಗಳನ್ನು ಹಂಚಿಕೊಂಡು ಓದುವ ನೋಟ ಬೇರೆಲ್ಲೂ ಸಿಗದು.

ಆ ನೋಟದ ಬೆಲೆಯನ್ನು ತಿಳಿದವರೊಬ್ಬರು ಮೈಸೂರಿನ ರಾಜೀವನಗರದಲ್ಲಿದ್ದರು. ಕೂಲಿ ಮಾಡಿ ಜೀವಿಸುತ್ತಿದ್ದ ಸೈಯದ್ ಇಸಾಕ್ ಎಂಬವರು ತಮ್ಮ ದುಡಿಮೆಯ ಹಣದಲ್ಲಿ ದಿನಪತ್ರಿಕೆಗಳನ್ನು ತರಿಸಿ, ದಾನಿಗಳಿಂದ ಪುಸ್ತಕ ಕೂಡಿಸಿ, ಯಾರು ಬೇಕಾದರೂ ಬಂದು ಓದಬಹುದಾದ ಗ್ರಂಥಾಲಯವೊಂದನ್ನು ನಡೆಸುತ್ತಿದ್ದರು. ಸುಮಾರು 11,000 ಪುಸ್ತಕಗಳಿದ್ದ ಆ ಶೆಡ್ಡು 2021ರ ಏಪ್ರಿಲ್ ತಿಂಗಳಲ್ಲಿ ಬೆಂಕಿಗೆ ಆಹುತಿಯಾಯಿತು. ಸುದ್ದಿ ಹರಡಿದಾಗ ಎಲ್ಲೆಲ್ಲಿಂದಲೋ ಜನ ಹಣವನ್ನೂ ಪುಸ್ತಕವನ್ನೂ ಕೊಡಲು ಮುಂದೆ ಬಂದರು. ಇನ್ನೊಂದು ಸಮಾಧಾನದ ಸಂಗತಿ: 2019ರಲ್ಲಿ ಪಂಚಾಯತಿ ಇಲಾಖೆಯ ಅಧೀನಕ್ಕೆ ಬಂದ ರಾಜ್ಯದ 5000ಕ್ಕೂ ಹೆಚ್ಚು ಗ್ರಾಮ ಗ್ರಂಥಾಲಯಗಳು ಅರಿವು ಕೇಂದ್ರಗಳೆಂಬ ಹೊಸ ಹೆಸರು ಪಡೆದು, ಹಳ್ಳಿಯ ಮಕ್ಕಳನ್ನು ಸದಸ್ಯರನ್ನಾಗಿಸಿಕೊಳ್ಳುತ್ತಿವೆ. ಪುಸ್ತಕದಂಗಡಿ ಎಂದೂ ಕಾಲಿಡದ ಊರುಗಳಲ್ಲಿ ಮಗುವಿಗೆ ಪಠ್ಯವಲ್ಲದ ಪುಸ್ತಕ ಮೊದಲು ಸಿಗುವುದು ಅಲ್ಲಿಯೇ.

ಮೂಡುಬಿದಿರೆಯ ಕಡೆಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಹಿರಿಯರೊಬ್ಬರ ಮನೆಯಲ್ಲಿ ಈ ವಿಚಾರ ಬೇರೊಂದು ರೂಪದಲ್ಲಿ ಎದ್ದಿತು. ಶಾಲಾ ಉಪಾಧ್ಯಾಯರಾಗಿ ನಿವೃತ್ತರಾದ ಅವರು ಬೆಳಿಗ್ಗೆ ಶಾಖಾ ಗ್ರಂಥಾಲಯದಲ್ಲಿ ಪತ್ರಿಕೆಗಳನ್ನು ಓದಿ, ಸಂಜೆ ಗಾಂಧಿ ಬಜಾರಿನ ಒಂದು ಕನ್ನಡ ಪುಸ್ತಕದಂಗಡಿಯಲ್ಲಿ ಒಂದು ತಾಸು ಕಳೆಯುವ ಅಭ್ಯಾಸದವರು. ತಿಂಗಳಿಗೊಮ್ಮೆಯಾದರೂ ಸಣ್ಣದೊಂದು ಪುಸ್ತಕ ಕೊಳ್ಳದೆ ಇರುವುದಿಲ್ಲವೆಂಬುದು ಅವರು ತಮಗೆ ತಾವೇ ಹಾಕಿಕೊಂಡ ನಿಯಮ. ಒಂದು ಸಂಜೆ ಮೊಮ್ಮಗನು ಪರೀಕ್ಷೆಗೆ ಬೇಕಾದ ಪುಸ್ತಕವೊಂದರ ಮೂವತ್ತು ಪುಟಗಳನ್ನು ಅಂಗಡಿಯಲ್ಲಿಯೇ ದೂರವಾಣಿಯ ಕ್ಯಾಮರಾದಲ್ಲಿ ಸೆರೆಹಿಡಿದು ತಂದು ಹೆಮ್ಮೆಯಿಂದ ತೋರಿಸಿದ.

‘ಪುಸ್ತಕ ಅಲ್ಲಿಯೇ ಇದೆಯಲ್ಲ ಅಜ್ಜ, ನಾನು ತಂದದ್ದೇನು?’ ಎಂದು ಅವನ ವಾದ. ‘ನೀವೂ ದಿನಾಲೂ ಓದಿ ತಲೆಯಲ್ಲಿ ಹೊತ್ತು ತರುತ್ತೀರಿ. ನಾನು ಫೋನಿನಲ್ಲಿ ತಂದೆ. ಭೇದವೇನು?’

ಹಿರಿಯರು ಅಂದು ಉತ್ತರಿಸಲಿಲ್ಲ. ಪ್ರಶ್ನೆ ಉಡಾಫೆಯದಲ್ಲವೆಂದು ಅವರಿಗೆ ತೋರಿರಬೇಕು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂಬುದು ಆಗಮದ ಲಕ್ಷಣ. ಹಾಗಾದರೆ ಅಂಗಡಿಯವನು ಕೊಟ್ಟದ್ದು ಯಾವುದು, ಕೊಡದಿರುವುದು ಯಾವುದು? ನಾಲ್ಕು ದಿನ ಬಿಟ್ಟು ಅವರು ಮೊಮ್ಮಗನನ್ನು ಒಂದೇ ಮಾತು ಕೇಳಿದರು: ‘ಅಂಗಡಿಯವರು ನೋಡುತ್ತಿದ್ದಾಗ ತೆಗೆದೆಯೋ, ಅತ್ತ ತಿರುಗಿದ್ದಾಗಲೋ?’ ಹುಡುಗ ತಲೆ ತಗ್ಗಿಸಿದ. ಅಷ್ಟಕ್ಕೆ ನಿಲ್ಲಿಸದೆ ಅವರು ಅಂಗಡಿಗೆ ಹೋಗಿ ಮಾಲೀಕರಲ್ಲಿಯೇ ವಿಚಾರಿಸಿದರು. ಮಾಲೀಕರ ಉತ್ತರ ಶಾಸ್ತ್ರಿಗಳ ವಿವರಣೆಗಿಂತ ನೇರವಾಗಿತ್ತು: ‘ನಿಂತು ಓದಲಿ ಸಾರ್, ಬೇಡ ಎನ್ನುವುದಿಲ್ಲ. ಓದುವವರು ಇವತ್ತಲ್ಲ ನಾಳೆ ಒಂದು ಪುಸ್ತಕ ಕೊಳ್ಳುತ್ತಾರೆ. ಫೋಟೋ ತೆಗೆದವರು ಮತ್ತೆ ಬರುವುದಿಲ್ಲ.’ ಹಿರಿಯರು ಆ ಪುಸ್ತಕದ ಬೆಲೆಯನ್ನು ಕೊಟ್ಟು ಪ್ರತಿಯನ್ನು ಮೊಮ್ಮಗನಿಗೆ ತಂದುಕೊಟ್ಟರು.

ಓದುಗರು ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಮಾಲೀಕನ ಅನುಮತಿ ಬಾಯಿಂದ ಬಾರದಿದ್ದರೂ ಅದಕ್ಕೊಂದು ಗಡಿಯಿದೆ. ನಿಂತು ಓದುವುದು ಆ ಗಡಿಯ ಒಳಗೆ. ನಕಲು ಮಾಡಿಕೊಳ್ಳುವುದು ಹೊರಗೆ. ಇವೆರಡರ ನಡುವೆ ಇಂದಿನ ಕಾಲ ತಂದೊಡ್ಡಿದ ಇನ್ನೊಂದು ಸೂಕ್ಷ್ಮವಿದೆ. ಗಿರಾಕಿಯು ಅಂಗಡಿಯಲ್ಲಿ ಪುಸ್ತಕವನ್ನು ಕಂಡು, ಪುಟ ತಿರುವಿ, ಮಾಲೀಕನನ್ನು ಕೇಳಿ ಯಾವ ಆವೃತ್ತಿ ಒಳ್ಳೆಯದೆಂದು ತಿಳಿದು, ಅಲ್ಲಿಯೇ ನಿಂತು ಫೋನಿನಲ್ಲಿ ಬೆಲೆ ಹೋಲಿಸಿ, ಇಪ್ಪತ್ತು ರೂಪಾಯಿ ಕಡಿಮೆಗೆ ಅಂತರಜಾಲದ ಮಾರಾಟಗಾರರಿಂದ ತರಿಸಿಕೊಳ್ಳುತ್ತಾನೆ. ಅವನು ಪುಸ್ತಕವನ್ನು ಕದಿಯಲಿಲ್ಲ, ನಿಜ. ಆದರೆ ಮಳಿಗೆಯ ಬಾಡಿಗೆ, ದೀಪದ ಖರ್ಚು, ಹತ್ತಾರು ವರ್ಷ ಪುಸ್ತಕಗಳ ನಡುವೆ ಬಾಳಿ ಗಳಿಸಿದ ಆ ಮನುಷ್ಯನ ವಿವೇಕ, ಇವುಗಳನ್ನು ಬೆಲೆ ಕೊಡದೆ ಒಯ್ದ. ಇದು ಪೂರ್ಣ ಚೌರ್ಯವಲ್ಲವೆಂದು ವಾದಿಸಬಹುದು. ನಿರ್ದೋಷವೆಂದು ವಾದಿಸುವುದು ಕಷ್ಟ. ಕಾಲುದಾರಿಯಲ್ಲಿ ಅರ್ಧ ಬೆಲೆಗೆ ದೊರೆಯುವ ಕಳ್ಳಮುದ್ರಣದ ಪ್ರತಿಗಳ ಬಗೆಗಾದರೋ ಸಂದೇಹಕ್ಕೆ ಎಡೆಯೇ ಇಲ್ಲ. ಕದ್ದ ವಸ್ತುವನ್ನು ಕೊಳ್ಳುವ ತದಾಹೃತಾದಾನವೂ, ನಕಲಿಯನ್ನು ಅಸಲಿಯೆಂದು ಮಾರುವ ಪ್ರತಿರೂಪಕ ವ್ಯವಹಾರವೂ ಅಚೌರ್ಯಾಣುವ್ರತದ ಅತಿಚಾರಗಳ ಪಟ್ಟಿಯಲ್ಲಿ ಎಂದಿನಿಂದಲೋ ಇವೆ.

ನಿಂತು ಓದುವವರ ಸಮಸ್ಯೆ ಈ ದೇಶಕ್ಕೆ ಮಾತ್ರ ಸೀಮಿತವಲ್ಲ. ಜಪಾನಿನಲ್ಲಿ ಇದಕ್ಕೆ ‘ತಾಚಿಯೋಮಿ’ ಎಂಬ ಹೆಸರೇ ಇದೆ. ಅದನ್ನು ತಡೆಯಲೆಂದು ಅಲ್ಲಿನ ಅನೇಕ ಅಂಗಡಿಗಳು ಚಿತ್ರಕಥೆಯ ಪುಸ್ತಕಗಳಿಗೆ ಪಾರದರ್ಶಕ ಹಾಳೆಯ ಹೊದಿಕೆ ಹಾಕುತ್ತವೆ. ತೈವಾನಿನ ರಾಜಧಾನಿ ತೈಪೆಯಲ್ಲಿ ಎಸ್ಲೈಟ್ ಎಂಬ ಸಂಸ್ಥೆ ಇದಕ್ಕೆ ವಿರುದ್ಧವಾದ ಹಾದಿ ಹಿಡಿಯಿತು. ಅದರ ಒಂದು ಮಳಿಗೆ 1999ರಿಂದ ಹಗಲೂ ರಾತ್ರಿಯೂ ತೆರೆದಿದ್ದು, ಜನ ಮೆಟ್ಟಿಲ ಮೇಲೂ ನೆಲದ ಮೇಲೂ ಕುಳಿತು ಬೆಳಗಿನವರೆಗೆ ಓದುತ್ತಿದ್ದರು. ಜಾಗದ ಗುತ್ತಿಗೆ ಮುಗಿದು 2020ರ ಮೇ ಕೊನೆಯಲ್ಲಿ ಅದು ಮುಚ್ಚಿದ ರಾತ್ರಿ ಒಳಗೆ ಹೆಜ್ಜೆಯಿಡಲೂ ಜಾಗವಿಲ್ಲದಷ್ಟು ಜನ ಬೀಳ್ಕೊಡಲು ಬಂದಿದ್ದರು. ಮುಂಬಯಿಯ ಸ್ಟ್ರ್ಯಾಂಡ್ ಮುಚ್ಚಿದಾಗಲೂ ಹಾಗೆಯೇ ಜನ ನೆರೆದರು. ಅಂಗಡಿಯ ಕೊನೆಯ ದಿನ ಬರುವ ಜನ ಅದರ ಸಾಮಾನ್ಯ ದಿನಗಳಲ್ಲಿ ಎಲ್ಲಿರುತ್ತಾರೋ! ಗ್ರಂಥಾಲಯ ಮುಚ್ಚಿದರೆ ಪ್ರಜೆಗಳು ಅರ್ಜಿ ಬರೆಯಬಹುದು, ಶಾಸಕರನ್ನು ಕೇಳಬಹುದು, ನ್ಯಾಯಾಲಯಕ್ಕೂ ಹೋಗಬಹುದು. ಅಂಗಡಿ ಮುಚ್ಚಿದರೆ ಕೇಳುವ ಅಧಿಕಾರ ಯಾರಿಗೂ ಇಲ್ಲ. ಹಕ್ಕಿಲ್ಲದ ಕಡೆ ಇರುವುದು ಋಣ ಒಂದೇ. ಅದನ್ನು ತೀರಿಸುವ ದಾರಿ ಆಗೊಮ್ಮೆ ಈಗೊಮ್ಮೆ ಕೊಳ್ಳುವುದು.

ಈಗ ಸಮಾಜದ ಒಳಗಿನ ಮಾತು. ಆಹಾರ, ಔಷಧ, ಅಭಯಗಳೊಡನೆ ಶಾಸ್ತ್ರವನ್ನೂ ದಾನವೆಂದು ಎಣಿಸಿದ ಪರಂಪರೆಯಿದು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಓಲೆಯ ಮೇಲೆ ಕಂಟದಿಂದ ಒಂದೊಂದೇ ಅಕ್ಷರ ಕೊರೆಯುತ್ತಿದ್ದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ಕೈಗಳ ಎಷ್ಟು ದಿನಗಳ ದುಡಿಮೆಯೋ ಊಹಿಸಿಕೊಳ್ಳಬೇಕು. ಇದೇ ಪರಂಪರೆಯ ಇನ್ನೊಂದು ಮುಖವೂ ಇದೆ. ಷಟ್ಖಂಡಾಗಮದ ಧವಲಾ ಟೀಕೆಯ ತಾಡವಾಲೆಗಳನ್ನು ಮೂಡುಬಿದಿರೆಯ ಸಿದ್ಧಾಂತ ಬಸದಿ ಶತಮಾನಗಳ ಕಾಲ ಕಾಪಾಡಿತು. ಆ ರಕ್ಷಣೆಯಿಲ್ಲದಿದ್ದರೆ ಗ್ರಂಥವೇ ಉಳಿಯುತ್ತಿರಲಿಲ್ಲ. ಆದರೆ ದೀರ್ಘಕಾಲ ಅದು ದರ್ಶನದ ವಸ್ತುವಾಗಿತ್ತೇ ಹೊರತು ಅಧ್ಯಯನದ ವಸ್ತುವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಮುದ್ರಣಗೊಂಡ ಮೇಲೆಯೇ ಅದು ಓದುಗನ ಕೈಗೆ ಬಂದದ್ದು.

ಹಿರಿಯರು ತಮ್ಮ ಬಡಾವಣೆಯ ಬಸದಿಯ ಟ್ರಸ್ಟಿನ ಸಭೆಯಲ್ಲಿ ಈ ಪ್ರಸಂಗವನ್ನು ಎತ್ತಿದರು. ಬಸದಿಯ ಪಕ್ಕದ ಕೋಣೆಯಲ್ಲಿ ಮೂರು ಕಬ್ಬಿಣದ ಕಪಾಟುಗಳಿದ್ದವು. ಒಳಗೆ ಶ್ರಾವಕರು ವರ್ಷಗಳಿಂದ ಕೊಟ್ಟ ಮುದ್ರಿತ ಪುಸ್ತಕಗಳು. ಶ್ರುತಪಂಚಮಿಯಂದು ಅವನ್ನು ಹೊರತೆಗೆದು, ಧೂಳು ಒರೆಸಿ, ಪೂಜಿಸಿ, ಮತ್ತೆ ಬೀಗ ಹಾಕುವ ಪದ್ಧತಿ. ಭಾನುವಾರಗಳಂದು ಕೋಣೆಯನ್ನು ವಾಚನಾಲಯವಾಗಿ ತೆರೆಯಬೇಕೆಂಬುದು ಅವರ ಸಲಹೆ. ಸಭೆಯಲ್ಲಿ ಆಕ್ಷೇಪಗಳು ಬಂದವು. ಪುಸ್ತಕ ಕಳೆದರೆ ಹೊಣೆ ಯಾರದೆಂದು ಕಾರ್ಯದರ್ಶಿಗಳು ಕೇಳಿದರು. ಬೇರೆ ಸಮಾಜದವರೂ ಬರುವರೇ ಎಂದು ಇನ್ನೊಬ್ಬರು. ಕೋಣೆಯನ್ನು ಮದುವೆಯ ಸಾಮಾನಿಡಲು ಬಾಡಿಗೆಗೆ ಕೊಟ್ಟರೆ ಬರುವ ಆದಾಯವನ್ನು ಮೂರನೆಯವರು ಲೆಕ್ಕ ಹಾಕಿ ಹೇಳಿದರು.

ಹಿರಿಯರು ಹೇಳಿದ್ದಿಷ್ಟು: ‘ಗಾಂಧಿ ಬಜಾರಿನ ಅಂಗಡಿಯವರು ಸಾಲ ತಂದು ಪುಸ್ತಕ ಇಟ್ಟಿದ್ದಾರೆ. ಒಂದು ಕಳೆದರೆ ಅವರ ಊಟಕ್ಕೆ ಕಡಿಮೆ. ಆದರೂ ಗುರುತು ಪರಿಚಯವಿಲ್ಲದವರ ಕೈಗೆ ಕೊಟ್ಟು ಕುಳಿತಿರುತ್ತಾರೆ. ಈ ಕಪಾಟಿನ ಪುಸ್ತಕಗಳಿಗೆ ಟ್ರಸ್ಟು ಒಂದು ರೂಪಾಯಿಯನ್ನೂ ಕೊಟ್ಟಿಲ್ಲ, ಎಲ್ಲವೂ ದಾನ. ದಾನವಾಗಿ ಬಂದದ್ದಕ್ಕೆ ಬೀಗ, ಸಾಲ ಮಾಡಿ ತಂದದ್ದಕ್ಕೆ ಬೀಗವಿಲ್ಲ.’

ಸಭೆ ಪೂರ್ತಿ ಒಪ್ಪಲಿಲ್ಲ. ಪೂರ್ತಿ ತಳ್ಳಿಹಾಕಲೂ ಇಲ್ಲ. ಒಂದು ಕಪಾಟು, ಭಾನುವಾರ 10ರಿಂದ 1ರವರೆಗೆ, ಆರು ತಿಂಗಳ ಪ್ರಯೋಗ, ಹೆಸರು ಬರೆಯಲು ಒಂದು ದಾಖಲೆ ಪುಸ್ತಕ, ಜಾತಿ ಮತದ ವಿಚಾರಣೆ ಇಲ್ಲ ಎಂಬಲ್ಲಿಗೆ ಒಪ್ಪಂದವಾಯಿತು. ತೆರೆದ ಮೊದಲ ವಾರ ಬಂದವರು ನಾಲ್ವರು. ಅವರಲ್ಲಿ ಮೂವರು ಪರೀಕ್ಷಾರ್ಥಿಗಳು, ತಮ್ಮ ತಮ್ಮ ಪುಸ್ತಕ ತಂದು ಬೀಸಣಿಗೆಯ ಕೆಳಗೆ ಕುಳಿತವರು. ಇದಕ್ಕಾಗಿಯೇ ತೆರೆದದ್ದೇ ಎಂದು ಕಾರ್ಯದರ್ಶಿಗಳು ಕೇಳಿದಾಗ, ಕುಳಿತಿರಲಿ, ಕಪಾಟು ಅವರ ಎದುರಿಗೇ ಇದೆ ಎಂದು ಹಿರಿಯರು ಉತ್ತರಿಸಿದರು. ಕಪಾಟಿನ ಮೇಲಿನ ಸಾಲಿನ ಐದಾರು ಪುಸ್ತಕಗಳನ್ನು ಅಂಗಡಿಯವರಂತೆ ಮುಖ ಮೇಲಾಗಿ ತಿರುಗಿಸಿಯೂ ಇಟ್ಟರು. ಪ್ರಯೋಗದ ಅವಧಿ ಇನ್ನೂ ಮುಗಿದಿಲ್ಲ. ದಾಖಲೆ ಪುಸ್ತಕದ ಪ್ರಕಾರ ಇದುವರೆಗೆ ಒಂದು ಪುಸ್ತಕ ಹಿಂದಿರುಗಿಲ್ಲ. ಅದರ ಬೆಲೆ 120 ರೂಪಾಯಿ. ಮುಂದಿನ ಸಭೆಗೆ ಮುಂಚೆಯೇ ಹಿರಿಯರು ಗಾಂಧಿ ಬಜಾರಿಗೆ ಹೋಗಿ ಅದರ ಇನ್ನೊಂದು ಪ್ರತಿಯನ್ನು ಕೊಂಡು ತಂದು, ಅದೇ ಸಂಖ್ಯೆ ಬರೆದು, ಇದ್ದ ಜಾಗದಲ್ಲಿಯೇ ಇಟ್ಟಿದ್ದಾರೆ.